ಕೊನೆಯ ಅಂಕಿ ನೋಡಿದಿರಾ?

ನಮ್ಮ ಕಡೆ ತರಬೇತಿ ಮುಗಿಯುವುದು ಸರಿಯಾಗಿ ಊಟದ ಹೊತ್ತಿಗೆ. ಏಳುವ ಮುಂಚೆ ಎಲ್ಲರ ಕೈಗೂ ಒಂದು ಹಾಳೆ ಬರುತ್ತದೆ. ‘ಇಂದಿನ ತರಬೇತಿ ಉಪಯೋಗವಾಯಿತೇ?’ ಒಂದರಿಂದ ಐದರವರೆಗೆ ಅಂಕಿ, ಟಿಕ್ ಹಾಕಬೇಕು. ಹಸಿದ ಹುಡುಗರು ನಾಲ್ಕಕ್ಕೋ ಐದಕ್ಕೋ ಮೇಲಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಟಿಕ್ ಹಾಕಿ ಓಡುತ್ತಾರೆ. ಆಮೇಲೆ ನಾವು ಸರಾಸರಿ ತೆಗೆಯುತ್ತೇವೆ. ನಾಲ್ಕೂವರೆ ಬಂದರೆ ವರದಿಯಲ್ಲಿ ‘ತರಬೇತಿ ಯಶಸ್ವಿ’ ಅಂತ ಬರೆಯುತ್ತೇವೆ. ಹೆಸರು ಬರೆಯಬೇಡಿ ಅಂತಲೂ ಹೇಳಿರುತ್ತೇವೆ. ಹಾಳೆ ಹಂಚುವುದು ಮಾತ್ರ ರೋಲ್ ನಂಬರ್ ಪ್ರಕಾರ!

ಮಿಲ್ಲುಗಳ ಊರಾಗಿದ್ದ ದಾವಣಗೆರೆಗೆ 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಬಂತು. ಈಗ ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ ಅಂತ ಬಿಳಿ ಕೋಟಿನ ಮಕ್ಕಳು ಊರ ತುಂಬ ಇದ್ದಾರೆ. ಇವರಿಗೆ ಪಾಠ ಮಾಡುವುದು ನನ್ನ ಕೆಲಸ. ಮಾಡಿದ ಪಾಠ ತಲೆಗೆ ಹೋಯಿತಾ, ಕೈಗೆ ಬಂತಾ ಅಂತ ಅಳೆಯುವುದೂ ನನ್ನ ಕೆಲಸವೇ. ಈ ಎರಡನೆಯದು ಎಷ್ಟು ಕಷ್ಟ ಅಂತ ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಬೆಣ್ಣೆ ದೋಸೆ ತಿಂದು ಹೊರಗೆ ಬಂದವರನ್ನು ಹೇಗಿತ್ತು ಅಂತ ಕೇಳಿ. ಸೂಪರ್ ಅನ್ನುತ್ತಾರೆ. ಹಾಗಾದರೆ ಕಾವಲಿ ಮುಂದೆ ನಿಂತು ಒಂದು ಹುಯ್ದು ತೋರಿಸಿ ಅನ್ನಿ. ಹಿಟ್ಟಿನ ಹದ, ಬೆಂಕಿಯ ಅಳತೆ, ಬೆಣ್ಣೆ ಹಾಕುವ ಹೊತ್ತು, ಒಂದೂ ಗೊತ್ತಿರುವುದಿಲ್ಲ. ನಮ್ಮ ಫೀಡ್‌ಬ್ಯಾಕ್ ಹಾಳೆ ಕೇಳುವುದು ದೋಸೆ ರುಚಿಯ ಪ್ರಶ್ನೆ. ನಾವು ಅದನ್ನು ದೋಸೆ ಹುಯ್ಯುವ ಪರೀಕ್ಷೆ ಅಂದುಕೊಂಡಿದ್ದೇವೆ.

ಇದಕ್ಕೆ ಒಂದು ಹಳೇ ಸಾಕ್ಷಿ ಇದೆ. ಅಮೆರಿಕದಲ್ಲಿ ಒಬ್ಬ ನಟನಿಗೆ ಡಾಕ್ಟರ್ ಫಾಕ್ಸ್ ಅಂತ ಹೆಸರಿಟ್ಟು, ದೊಡ್ಡ ವಿದ್ವಾಂಸ ಅಂತ ಪರಿಚಯಿಸಿ, ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಕೂತಿದ್ದ ಸಭೆಯಲ್ಲಿ ಭಾಷಣ ಮಾಡಿಸಿದರು. ವಿಷಯ, ವೈದ್ಯರ ಶಿಕ್ಷಣದಲ್ಲಿ ಗಣಿತದ ಗೇಮ್ ಥಿಯರಿ. ಪುಣ್ಯಾತ್ಮನಿಗೆ ಅದರ ಗಂಧಗಾಳಿಯೂ ಇರಲಿಲ್ಲ. ಮಾತಿನಲ್ಲಿ ತಿರುಳಿಲ್ಲ, ಒಂದಕ್ಕೊಂದು ಹೊಂದುವುದಿಲ್ಲ, ಆದರೆ ನಗಿಸಿದ, ಠೀವಿಯಿಂದ ಮಾತಾಡಿದ. ಕೊನೆಗೆ ಫಾರಂ ಕೊಟ್ಟರೆ ಹೆಚ್ಚಿನವರು ಚೆನ್ನಾಗಿತ್ತು ಅಂತಲೇ ಬರೆದರು. 1973ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಐವತ್ತು ವರ್ಷ ಕಳೆದರೂ ನಾವಿನ್ನೂ ಅದೇ ಫಾರಂ ಜೆರಾಕ್ಸ್ ಮಾಡಿಸುತ್ತಿದ್ದೇವೆ.

1959ರಲ್ಲಿ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬವರು ತರಬೇತಿಯ ಫಲ ಅಳೆಯಲು ನಾಲ್ಕು ಮೆಟ್ಟಿಲು ಹೇಳಿದರು. ಅವರು ಬರೆದದ್ದು ಕಂಪನಿಗಳಲ್ಲಿ ತರಬೇತಿ ಕೊಡುವವರಿಗೆ, ನಾವು ಎತ್ತಿಕೊಂಡೆವು. ಬಂದವರಿಗೆ ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಬದಲಾದರಾ, ಅದರಿಂದ ಏನಾದರೂ ಒಳ್ಳೆಯದಾಯಿತಾ. ನಮ್ಮ ಹೆಚ್ಚಿನ ವರದಿಗಳು ಮೊದಲ ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟು ಕೂರುತ್ತವೆ. ಸ್ವಲ್ಪ ಹುರುಪಿನವರು ಎರಡನೆಯದಕ್ಕೆ ಹತ್ತುತ್ತಾರೆ. ಬೆಳಿಗ್ಗೆ ಒಂದು ಪ್ರಶ್ನೆಪತ್ರಿಕೆ, ಸಂಜೆ ಅದೇ ಪತ್ರಿಕೆ. ಅಂಕ ಏರಿರುತ್ತದೆ, ಏರದೆ ಎಲ್ಲಿಗೆ ಹೋಗುತ್ತದೆ? ಬೆಳಿಗ್ಗೆಯೇ ಪ್ರಶ್ನೆ ನೋಡಿದ್ದಾರಲ್ಲ.

ಸಂಜೆಯ ಪರೀಕ್ಷೆಯ ಇನ್ನೊಂದು ಮೋಸ 2006ರ ಒಂದು ಪ್ರಯೋಗದಲ್ಲಿ ಕಾಣುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ಮತ್ತೆ ಓದಿತು. ಇನ್ನೊಂದು ಓದಿದ್ದನ್ನು ನೆನಪಿನಿಂದ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದರೆ ಫಲಿತಾಂಶ ತಿರುಗಿಬಿತ್ತು, ನೆನಪಿನಿಂದ ಬರೆದವರು ಮುಂದಾದರು. ಅಂದಮೇಲೆ ಅವತ್ತೇ ಸಂಜೆ ಅಳೆದರೆ ಸೋಲಬೇಕಾದ ಪಾಠವೇ ಗೆಲ್ಲಬಹುದು, ಅಲ್ವಾ?

ಇಷ್ಟೆಲ್ಲ ಗೊತ್ತಿದ್ದೂ ನಾನೇ ಎಡವಿದ ಕಥೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹೌಸ್‌ಸರ್ಜನ್‌ಗಳಿಗೆ ಮತ್ತು ನರ್ಸಿಂಗ್ ಮಕ್ಕಳಿಗೆ ಬಿ.ಪಿ. ನೋಡುವುದನ್ನು ಕಲಿಸಿದೆ. ಅದೇನು ಮಹಾ ಅನ್ನಬೇಡಿ. ರೋಗಿ ಐದು ನಿಮಿಷ ಸುಮ್ನೆ ಕೂತಿರಬೇಕು. ಗಾಳಿ ತುಂಬುವ ಪಟ್ಟಿಯನ್ನು, ಅಂದರೆ ಕಫ್ ಅನ್ನು, ತೋಳಿನ ಬಟ್ಟೆ ಮೇಲೆ ಕಟ್ಟಬಾರದು. ತೋಳು ಎದೆಯ ಮಟ್ಟದಲ್ಲಿರಬೇಕು. ಮೀಟರಿನ ಪಾದರಸ ಸೆಕೆಂಡಿಗೆ ಎರಡು ಮಿಲಿಮೀಟರ್‌ನಷ್ಟೇ ಇಳಿಯುವಂತೆ ಗಾಳಿ ಬಿಡಬೇಕು. ತಪ್ಪುವುದು ಹೆಚ್ಚಾಗಿ ಈ ಕೊನೆಯದರಲ್ಲಿ. ಡ್ಯೂಟಿಯ ಗಡಿಬಿಡಿಯಲ್ಲಿ ಸ್ಕ್ರೂ ತಿರುಗಿಸಿ ಬುಸ್ ಅಂತ ಗಾಳಿ ಬಿಡುತ್ತಾರೆ. ಪಾದರಸ ಜಾರಿ ಬೀಳುತ್ತದೆ. ಸ್ಟೆತಾಸ್ಕೋಪಿನಲ್ಲಿ ನಾಡಿಯ ಶಬ್ದ ಕೇಳಿದ್ದು 136ಕ್ಕೋ 142ಕ್ಕೋ ತಿಳಿಯುವುದಿಲ್ಲ. 140 ಅಂತ ಬರೆಯುತ್ತಾರೆ.

ನಾಲ್ಕಾರು ಮಿಲಿಮೀಟರ್ ತಾನೇ ಅನ್ನಬಹುದು. ಆದರೆ 140 ಅನ್ನುವುದು ನಾವು ಬಿ.ಪಿ. ಇದೆ ಅಂತ ಹೇಳುವ ಗಡಿ. ಪ್ರತಿ ಸಲ ನೋಡಿದಾಗಲೂ 136 ಇರುವುದನ್ನು 140 ಅಂತ ಬರೆದರೆ ಒಬ್ಬರಿಗೆ ಸುಮ್ಮನೆ ಮಾತ್ರೆ ಶುರುವಾಗಬಹುದು.

ತರಬೇತಿಯ ದಿನ ಎಲ್ಲರೂ ಚೆನ್ನಾಗಿ ಮಾಡಿ ತೋರಿಸಿದರು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಹಾರ್ಡನ್ ಮತ್ತು ಅವರ ಜೊತೆಯವರು ಹುಟ್ಟುಹಾಕಿದ ಆಸ್ಕಿ (OSCE) ಎಂಬ, ಕೆಲಸ ಮಾಡಿ ತೋರಿಸುವ ಪರೀಕ್ಷೆ ನಡೆಸಿದ್ದೆ. ಒಂದೊಂದು ಮೇಜಿಗೆ ಒಂದೊಂದು ಕೆಲಸ, ಕೈಯಲ್ಲಿ ಚೆಕ್‌ಲಿಸ್ಟ್ ಹಿಡಿದು ನಾನೇ ನಿಂತಿದ್ದೆ. ಮೇಷ್ಟ್ರು ಪಕ್ಕದಲ್ಲಿ ನಿಂತಾಗ ಯಾರು ತಾನೇ ಬುಸ್ ಅನ್ನಿಸುತ್ತಾರೆ? ಮಾಡಿ ತೋರಿಸುವುದೇ ಬೇರೆ, ದಿನಾ ಮಾಡುವುದೇ ಬೇರೆ ಅಂತ ವೈದ್ಯಕೀಯ ಶಿಕ್ಷಣದ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲೇ ಬರೆದಿದ್ದಾರೆ. 2019ರಲ್ಲಿ ಎಂ.ಬಿ.ಬಿ.ಎಸ್.ಗೆ ಬಂದ ಹೊಸ ಪಠ್ಯಕ್ರಮವೂ ಮಾಡಬಲ್ಲವರು ಬೇಕು ಅಂತಲೇ ಹೇಳುತ್ತದೆ. ಆದರೆ ಯಾರೂ ನೋಡದಾಗ ಏನು ಮಾಡುತ್ತಾರೆ ಅಂತ ನೋಡುವುದು ಹೇಗೆ?

ಆಗ ಹೊಳೆದದ್ದು ಕೊನೆಯ ಅಂಕಿ. ಪಾದರಸದ ಮೀಟರಿನಲ್ಲಿ ಗೆರೆ ಇರುವುದು ಎರಡೆರಡಕ್ಕೆ. ಸರಿಯಾಗಿ ಓದಿದರೆ ಕೊನೆಗೆ 0, 2, 4, 6, 8 ಹೆಚ್ಚುಕಡಿಮೆ ಸಮನಾಗಿ ಬರಬೇಕು, ಅಂದರೆ ಐದರಲ್ಲಿ ಒಂದು ಪಾಲು ಮಾತ್ರ ಸೊನ್ನೆ. ವಾರ್ಡಿಗೆ ಹೋಗಿ ಒಂದು ಕಟ್ಟು ಹಳೇ ಕೇಸ್ ಶೀಟ್ ತಿರುವಿ ಹಾಕಿದೆ. 120/80, 130/80, 110/70, 140/90. ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲ ಸೊನ್ನೆ! ತರಬೇತಿಗೆ ಮುಂಚೆಯೂ ಸೊನ್ನೆ, ತರಬೇತಿ ಆಗಿ ತಿಂಗಳಾದ ಮೇಲೂ ಸೊನ್ನೆ. ಫೀಡ್‌ಬ್ಯಾಕ್ ಹಾಳೆಯಲ್ಲಿ ಮಾತ್ರ ನಾಲ್ಕೂವರೆ.

ಮತ್ತೆ ಕಲಿಸಿದೆ. ಈ ಸಲ ಭಾಷಣ ಇಲ್ಲ, ವಾರ್ಡಿನಲ್ಲೇ, ಇಬ್ಬಿಬ್ಬರನ್ನು ನಿಲ್ಲಿಸಿಕೊಂಡು. ಒಬ್ಬರು ಬರೆದ ಅಂಕಿಯನ್ನು ನೋಡದೆ ಇನ್ನೊಬ್ಬರು ಅದೇ ರೋಗಿಯ ಬಿ.ಪಿ. ಅಳೆಯಬೇಕು, ಆಮೇಲೆ ತಾಳೆ ಹಾಕಬೇಕು. ಎರಡು ತಿಂಗಳು ಬಿಟ್ಟು ಕೇಸ್ ಶೀಟ್ ತೆಗೆದರೆ 128, 134, 117, 122, 143. ಸೊನ್ನೆ ಕಡಿಮೆಯಾಗಿತ್ತು! ಒಂದು ಪ್ರಬಂಧವೇ ಆಯಿತು ಅಂದುಕೊಂಡು ವಾರ್ಡಿನಲ್ಲೇ ಕೂತು ತಲೆಬರಹ ಗೀಚಿಕೊಂಡೆ.

ಹಿರಿಯ ಸಿಸ್ಟರ್ ಒಬ್ಬರು ಭುಜದ ಮೇಲಿಂದ ನೋಡಿದರು. “ಸರ್, ಈ 117 ಹೆಂಗೆ ಬಂತು? ನಮ್ಮ ಹಳೇ ಮೀಟರಲ್ಲಿ ಬೆಸ ಗೆರೆನೇ ಇಲ್ಲಲ್ಲ.”

ನನಗೆ ಕೂಡಲೇ ತಲೆಗೆ ಹೋಗಲಿಲ್ಲ.

“ಹೋದ ತಿಂಗಳು ಡಿಜಿಟಲ್ ಮಷಿನ್ ಬಂದೈತಲ್ಲ ಸರ್. ಬಟನ್ ಒತ್ತಿದ್ರೆ ಅದೇ ತೋರಿಸುತ್ತೆ, ಮಕ್ಕಳು ನೋಡಿ ಬರ್ಕೋತಾರೆ.”

ನಮ್ಮ ಕಡೆಯ ರೈತರಿಗೆ ಇದನ್ನು ಹೇಳಿದರೆ ನಕ್ಕಾರು. ಹೊಸ ಗೊಬ್ಬರ ಹಾಕಿ ನೋಡುವವರು ಮೆಕ್ಕೆಜೋಳದ ಹೊಲದಲ್ಲಿ ಒಂದು ಪಟ್ಟಿಯನ್ನು ಹಾಗೇ ಬಿಡುತ್ತಾರೆ. ಬೆಳೆ ಚೆನ್ನಾಗಿ ಬಂದರೆ ಅದು ಗೊಬ್ಬರದ್ದಾ, ಮಳೆಯದ್ದಾ ಅಂತ ಆ ಪಟ್ಟಿ ಹೇಳುತ್ತದೆ. ನಾನು ಪಟ್ಟಿ ಬಿಟ್ಟಿರಲಿಲ್ಲ. ತರಬೇತಿ ಕೊಡದ ಒಂದು ವಾರ್ಡಿನ ಕೇಸ್ ಶೀಟನ್ನೂ ಜೊತೆಗೆ ತೆಗೆದಿದ್ದರೆ, ಅಲ್ಲೂ ಮಷಿನ್ ಬಂದಿದ್ದರೆ, ಅಲ್ಲೂ ಸೊನ್ನೆ ಇಳಿದಿದ್ದು ಮೊದಲ ದಿನವೇ ಕಾಣುತ್ತಿತ್ತು. ಇನ್ನು ಮಷಿನ್ ಬಂದಮೇಲೆ ಕೊನೆಯ ಅಂಕಿಯಿಂದ ನನಗೆ ಉಪಯೋಗವೂ ಇಲ್ಲ. ಬಟ್ಟೆ ಮೇಲೆ ಕಫ್ ಕಟ್ಟಿ ಬಟನ್ ಒತ್ತಿದರೂ 117 ಬಂದೀತು.

ಇನ್ನೂ ಒಂದು ಮಾತು. ನಮ್ಮದೇ ವಿದ್ಯಾರ್ಥಿಗಳ ಮೇಲೆ ಅಧ್ಯಯನ ಮಾಡುವಾಗ ಅವರು ಬೇಡ ಅನ್ನಲಾರರು, ಇಂಟರ್ನಲ್ಸ್ ಅಂಕ ನಮ್ಮ ಕೈಯಲ್ಲೇ ಇದೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ನೀತಿಸೂಚಿ ಅದಕ್ಕೇ ವಿದ್ಯಾರ್ಥಿಗಳನ್ನೂ ವಿಶೇಷ ರಕ್ಷಣೆ ಬೇಕಾದವರ ಸಾಲಿಗೆ ಸೇರಿಸಿದೆ. ಒಪ್ಪಿಗೆ ಕೇಳಲು ಈಗ ನಾನು ಹೋಗುವುದಿಲ್ಲ, ಅವರಿಗೆ ಪಾಠ ಮಾಡದ ಇನ್ನೊಬ್ಬರನ್ನು ಕಳಿಸುತ್ತೇನೆ.

ಆ ಪ್ರಬಂಧ ಬರೆಯಲಿಲ್ಲ. ಮುಂದಿನ ಸಲ ಕೇಸ್ ಶೀಟ್ ನೋಡುವ ನಮೂನೆ ಮಾಡುವಾಗ ಆ ಸಿಸ್ಟರ್ ಅವರನ್ನೂ ಜೊತೆಗೆ ಕೂರಿಸಿಕೊಂಡೆ. ತಾರೀಖು, ವಾರ್ಡು, ಹೊತ್ತು, ರೀಡಿಂಗ್ ಅಂತ ನಾನು ಕಾಲಂ ಎಳೆದಿದ್ದೆ. ಅವರು ಪೆನ್ನು ಇಸಿದುಕೊಂಡು ಎಲ್ಲಕ್ಕಿಂತ ಮೊದಲು ಇನ್ನೊಂದು ಕಾಲಂ ಹಾಕಿದರು: ‘ಯಾವ ಮಷಿನ್?’