160 ಎಕರೆ ಪುಕ್ಕಟೆ ಸಿಕ್ಕಿತ್ತಾ? ನಿಕೋಡಿಮಸ್ ಬಗ್ಗೆ ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ನಿಕೋಡಿಮಸ್‌ಗೆ ಮೊದಲು ಬಂದವರಿಗೆ ಅಮೆರಿಕ ಸರ್ಕಾರ 160 ಎಕರೆ ಪುಕ್ಕಟೆ ಕೊಟ್ಟಿತ್ತಲ್ಲ, ಅಷ್ಟು ಜಮೀನಿದ್ದೂ ಆ ಊರು ಯಾಕೆ ಬೆಳೀಲಿಲ್ಲ?

ಪುಕ್ಕಟೆ ಅಂತ ನಾನು ಎಲ್ಲೂ ಬರೆದಿಲ್ಲ. ಮಗಳ ಮನೆಗೆ ಅಂತ ಕಾನ್ಸಾಸ್‌ಗೆ ಹೋಗಿ, ಆ ಊರನ್ನು ನೋಡಿಕೊಂಡು ಬಂದು ಬರೆದಾಗಿನಿಂದ ಈ ಪ್ರಶ್ನೆ ಒಂದಲ್ಲ ಒಂದು ವೇಷದಲ್ಲಿ ಬರುತ್ತಲೇ ಇದೆ. ಇವತ್ತು ಕೂತು ಉದ್ದಕ್ಕೆ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಬಹುದು.

ಹೊಸಬರಿಗೆ ಎರಡು ಮಾತು. ನಿಕೋಡಿಮಸ್ ಇರುವುದು ಕಾನ್ಸಾಸ್‌ನ ವಾಯವ್ಯ ಮೂಲೆಯ ಕಡೆ, ಸಾಲೊಮನ್ ನದಿಯ ಹತ್ತಿರ. 1877ರಲ್ಲಿ ಕೆಂಟಕಿಯಿಂದ ಬಂದ ಕಪ್ಪು ಜನ ನೆಲೆ ನಿಂತ ಊರು. ಗುಲಾಮಗಿರಿ ಹೋಗಿ ಆಗ ಬರೀ ಹನ್ನೆರಡು ವರ್ಷ.

ಈಗ ಆ 'ಪುಕ್ಕಟೆ' ವಿಷಯಕ್ಕೆ ಬರೋಣ. 1862ರಲ್ಲಿ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ 21 ವರ್ಷ ತುಂಬಿದವರು ಅಥವಾ ಮನೆಯ ಯಜಮಾನರು 160 ಎಕರೆಗೆ ಅರ್ಜಿ ಹಾಕಬಹುದಿತ್ತು. ಶುಲ್ಕ ಎಲ್ಲಾ ಸೇರಿ 18 ಡಾಲರ್. ನಮ್ಮವರು ಇಲ್ಲಿಗೆ ಓದಿ ನಿಲ್ಲಿಸಿಬಿಡುತ್ತಾರೆ. ಮುಂದೆ ಓದಿ ಸ್ವಾಮಿ! ಅಲ್ಲೇ ಐದು ವರ್ಷ ವಾಸ ಇರಬೇಕು, ಮನೆ ಕಟ್ಟಬೇಕು, ಉತ್ತು ಬಿತ್ತಬೇಕು, ಆಮೇಲೆ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿ ಇದೆಲ್ಲ ಮಾಡಿದ್ದೇನೆ ಅಂತ ಹೇಳಿಸಬೇಕು. ಹಕ್ಕುಪತ್ರ ಬರುವುದು ಅದಾದ ಮೇಲೆ. ಐದು ವರ್ಷ ಕಾಯೋಕಾಗಲ್ಲ ಅನ್ನುವವರು ಆರು ತಿಂಗಳ ನಂತರ ಎಕರೆಗೆ ಒಂದೂಕಾಲು ಡಾಲರ್ ಕಟ್ಟಿ ಕೊಂಡುಕೊಳ್ಳಬಹುದಿತ್ತು. 160 ಎಕರೆಗೆ 200 ಡಾಲರ್ ಆಯಿತು. ಬರಿಗೈಲಿ ಬಂದವರು ಎಲ್ಲಿಂದ ತರಬೇಕು?

ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಮೊದಲು ಉಳುಮೆ, ಆಮೇಲೆ ಅರ್ಜಿ. ಅಲ್ಲಿ ಮೊದಲು ಅರ್ಜಿ, ಆಮೇಲೆ ಉಳುಮೆ. ಕಾಗದ ಕೈಗೆ ಬರುವ ತನಕ ಜಮೀನು ನಿಮ್ಮದಲ್ಲ ಅನ್ನುವುದು ಮಾತ್ರ ಎರಡೂ ಕಡೆ ಒಂದೇ.

ಆ ಐದು ವರ್ಷ ಹೇಗಿತ್ತು ಅಂತ ನೋಡಿ. 'ಸೆಪ್ಟೆಂಬರ್ 5ಕ್ಕೆ ಕಾನ್ಸಾಸ್‌ಗೆ ಹೋಗಬೇಕೆನ್ನುವವರು 5 ಡಾಲರ್ ಕೊಟ್ಟು ಹೋಗಬಹುದು' ಅಂತ ಕೆಂಟಕಿಯಲ್ಲಿ ಕರಪತ್ರ ಹಂಚಿದ್ದರು. ಊರು ಕಟ್ಟುವ ಕಂಪನಿಯಲ್ಲಿ ಇಂಡಿಯಾನಾದ ಬಿಳಿಯ ಡಬ್ಲ್ಯೂ. ಆರ್. ಹಿಲ್ ಇದ್ದ, ಕಪ್ಪು ಜನರ ಪಾದ್ರಿಗಳೂ ಇದ್ದರು. ರೈಲು ಎಲ್ಲಿಸ್ ಅನ್ನುವ ಊರಿನವರೆಗೆ ಮಾತ್ರ. ಅಲ್ಲಿಂದ ಸುಮಾರು 55 ಕಿ.ಮೀ. ನಡಿಗೆ. 1878ರ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಅನ್ನುವ ಹೆಣ್ಣುಮಗಳು, ಊರು ಬಂತು ಅಂತ ಗಂಡಸರು ಕೂಗಿದಾಗ ಕಣ್ಣು ಕಿರಿದು ಮಾಡಿ ನೋಡಿ, ಎಲ್ಲಿದೆ ಊರು, ನನಗೆ ಕಾಣ್ತಿಲ್ಲವಲ್ಲ ಅಂದಳಂತೆ. ಗಂಡ ನೆಲದಿಂದ ಅಲ್ಲಲ್ಲಿ ಏಳುತ್ತಿದ್ದ ಹೊಗೆಯತ್ತ ಕೈ ತೋರಿಸಿ, ಅದೇ ನಿಕೋಡಿಮಸ್ ಅಂದ. ಆಕೆ ಅಳೋಕೆ ಶುರು ಮಾಡಿದಳು. ಅಲ್ಲಿ ಮರ ಇಲ್ಲ, ಮರ ಇಲ್ಲದ ಮೇಲೆ ಹಲಗೆ ಎಲ್ಲಿಂದ ಬರಬೇಕು? ಜನ ದಿಬ್ಬದ ಮಗ್ಗುಲಲ್ಲಿ ಗುಂಡಿ ತೋಡಿ, ಮೇಲೆ ಹುಲ್ಲು ಮಣ್ಣು ಹೊದಿಸಿ, ಅದರೊಳಗೆ ಒಲೆ ಹೂಡಿ ಬದುಕುತ್ತಿದ್ದರು.

ಆಕೆಗಿಂತ ಮೊದಲು ಬಂದ ಕೆಲವು ಕುಟುಂಬಗಳು ಇದನ್ನು ನೋಡಿ ಮರುದಿನವೇ ಗಂಟುಮೂಟೆ ಕಟ್ಟಿದವು. ಉಳಿದವರ ಹತ್ತಿರ ಕುದುರೆ ಬೆರಳೆಣಿಕೆಯಷ್ಟು. ಪ್ರೇರಿ ಅನ್ನುವ ಆ ಹುಲ್ಲುಗಾವಲಿನ ನೆಲ ಅಂದರೆ ನಮ್ಮ ಹೊಲ ಅಲ್ಲ, ಸಾವಿರಾರು ವರ್ಷದ ಹುಲ್ಲಿನ ಬೇರು ಚಾಪೆ ಹೆಣೆದ ಹಾಗೆ ಕೂತಿರುತ್ತದೆ. ಒಳ್ಳೆ ಉಕ್ಕಿನ ನೇಗಿಲಿಗೇ ಬೆವರು ಬರುವಂಥ ನೆಲವನ್ನು ಇವರು ಸಲಿಕೆ, ಗುದ್ದಲಿ ಹಿಡಿದು ಅಗೆದರು. ಮಳೆ ಹೆಚ್ಚುಕಡಿಮೆ ನಮ್ಮ ಚಿತ್ರದುರ್ಗದಷ್ಟು. ಈಗ ಹೇಳಿ, 160 ಎಕರೆಯಲ್ಲಿ ಮೊದಲ ವರ್ಷ ಎಷ್ಟು ಎಕರೆ ಸಾಗುವಳಿ ಮಾಡ್ತೀರಿ?

ಇನ್ನೊಂದು ಮಾತು. ಕೊಡೋಕೆ ಆ ನೆಲ ಸರ್ಕಾರಕ್ಕೆ ಬಂದಿದ್ದು ಹೇಗೆ? ಕಾನ್ಸಾಸ್ ಅನ್ನುವ ಹೆಸರೇ ಅಲ್ಲಿದ್ದ ಕಾನ್ಸಾ ಜನರದ್ದು. ಅವರನ್ನು 1873ರಲ್ಲಿ ಆ ರಾಜ್ಯದಿಂದಲೇ ದಕ್ಷಿಣಕ್ಕೆ ಸಾಗಿಸಿದರು. ಓಸೇಜ್ ಜನರಿಗೂ ಆಗ ಇದೇ ಗತಿ. ನಿಕೋಡಿಮಸ್‌ನವರು ಇವತ್ತಿಗೂ ನೆನೆಯುವ ಕಥೆ ಒಂದಿದೆ. ಮೊದಲ ಚಳಿಗಾಲದಲ್ಲಿ ಹೊಟ್ಟೆಗಿಲ್ಲದೆ ಕೂತಿದ್ದಾಗ ಬೇಟೆ ಮುಗಿಸಿ ಹೋಗುತ್ತಿದ್ದ ಓಸೇಜ್ ಜನ ತಮ್ಮ ಮಾಂಸದಲ್ಲಿ ಪಾಲು ಕೊಟ್ಟರಂತೆ. ಪುಕ್ಕಟೆ ಅಂತ ಏನಾದರೂ ಸಿಕ್ಕಿದ್ದರೆ ಅದೊಂದೇ.

ಹಾಗಿದ್ದೂ ಬಹಳ ಜನ ಗಟ್ಟಿಯಾಗಿ ನಿಂತು ಹಕ್ಕುಪತ್ರ ಪಡೆದರು. ಶಾಲೆ, ಚರ್ಚು, ಅಂಗಡಿ ಬಂದವು. ಅಲ್ಲಿ ನೆಲೆಸಿದ್ದ ಎಡ್ವರ್ಡ್ ಮೆಕೇಬ್ 1882ರಲ್ಲಿ ಇಡೀ ಕಾನ್ಸಾಸ್‌ನ ಆಡಿಟರ್ ಆಗಿ ಚುನಾವಣೆ ಗೆದ್ದ. ಹಾಗಾಗಿ 'ಬೆಳೀಲಿಲ್ಲ' ಅನ್ನುವುದೂ ಪೂರ್ತಿ ಸರಿಯಲ್ಲ. ಹೊಡೆತ ಬಿದ್ದಿದ್ದು ರೈಲಿನಿಂದ. ರೈಲು ಬರಲಿ ಅಂತ ಊರಿನವರು ಸಾಲಪತ್ರ ಹೊರಡಿಸಿ ರೈಲು ಕಂಪನಿಗೆ ಹಣ ಕೊಡೋಕೂ ಒಪ್ಪಿದ್ದರು. 1888ರಲ್ಲಿ ಹಳಿ ನದಿಯ ಆಚೆ ದಡದಲ್ಲಿ ಹೋಯಿತು, ಅಲ್ಲಿ ಬೋಗ್ ಅನ್ನುವ ಹೊಸ ಊರು ಎದ್ದಿತು, ಅಂಗಡಿಯವರು ಅಲ್ಲಿಗೆ ಹೋದರು. ಅಷ್ಟೇ ಕಥೆ.

ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ, ಸರ್ವೆ ಇಲಾಖೆಯಲ್ಲಿ ಇದ್ದವನು ನೋಡಿ. ಈ ಊರಿನಲ್ಲಿ 1939ರ ಒಂದು ಸುಣ್ಣಕಲ್ಲಿನ ಕಟ್ಟಡ ಇದೆ, ಹೆಸರು ಟೌನ್‌ಶಿಪ್ ಹಾಲ್. ಟೌನ್‌ಶಿಪ್ ಅಂದ ಕೂಡಲೇ ನಮಗೆ ಕಾರ್ಖಾನೆಯ ಕ್ವಾರ್ಟರ್ಸ್, ಗೇಟು, ಪಾರ್ಕು ಕಣ್ಣ ಮುಂದೆ ಬರುತ್ತವೆ, ಅಲ್ವಾ? ಅಲ್ಲಿ ಸರ್ವೆಯ ಟೌನ್‌ಶಿಪ್ ಅಂದರೆ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ, ಒಳಗೆ ಒಂದು ಮನೆ ಇಲ್ಲದಿದ್ದರೂ ಸರಿ. ಆ ಚೌಕದಲ್ಲಿ 36 ತುಂಡು, ಒಂದೊಂದು 640 ಎಕರೆ. ನಂಬರ್ ಹಾಕುವುದು ಈಶಾನ್ಯ ಮೂಲೆಯಿಂದ. ಸಾಲಿನ ತುದಿಗೆ ಹೋಗಿ ಎತ್ತು ತಿರುಗಿಸಿಕೊಂಡು ಬಂದ ಹಾಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಕಾನ್ಸಾಸ್‌ನಲ್ಲಿ 16 ಮತ್ತು 36ನೇ ತುಂಡು ಶಾಲೆಗೆ ಅಂತ ಮೀಸಲು. ಒಂದು ತುಂಡಿನ ಕಾಲುಭಾಗವೇ ಆ 160 ಎಕರೆ.

ಅಲ್ಲಿನ ಸರ್ವೆಯವರು ಅಳೆದ ಸರಪಳಿ 66 ಅಡಿಯದು. ನಾವು ಎಳೆಯುತ್ತಿದ್ದದ್ದು ಅದರ ಸರಿ ಅರ್ಧ, 33 ಅಡಿ. ಅದರ ಹದಿನಾರು ಭಾಗಕ್ಕೆ ಆಣೆ ಅನ್ನುತ್ತಿದ್ದೆವು. ನಮ್ಮ ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ನಿಕೋಡಿಮಸ್ ಹತ್ತಿರ ಕಾರು ನಿಲ್ಲಿಸಿ, ಒಬ್ಬೊಬ್ಬರ ಜಮೀನಿನ ಒಂದು ಮಗ್ಗುಲು ಇಷ್ಟು, ಅರ್ಧ ಮೈಲಿ ಅಂತ ಅಳಿಯಂದಿರು ತೋರಿಸಿದರು. ನಾನು ನಮ್ಮ ಲೆಕ್ಕದಲ್ಲಿ ಎಂಬತ್ತು ಸರಪಳಿ ಅಂದೆ. ಅವರು ಫೋನ್ ತೆಗೆದು ಲೆಕ್ಕ ಹಾಕಿ ನೋಡಿದರು.