ಬೆರಳು ಮುದುಡಬೇಡಿ ಅಂದ್ರೆ ಕೇಳಲ್ಲ

ಪಾದದೊಳಗಿನ ಸಣ್ಣ ಸ್ನಾಯುಗಳನ್ನು ಗಟ್ಟಿ ಮಾಡುವ ವ್ಯಾಯಾಮ ಈಗ ಎಲ್ಲರಿಗೂ ಗೊತ್ತು. ಉಣಕಲ್ ಕೆರೆ ಸುತ್ತ ನಡೆಯುವವರು, ನೃಪತುಂಗ ಬೆಟ್ಟ ಹತ್ತುವವರು ಹಿಮ್ಮಡಿ ನೋವು ಅಂತ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬರುತ್ತಾರೆ, ಬಂದವರೇ ಮೊಬೈಲ್ ತೆಗೆದು ವಿಡಿಯೊ ತೋರಿಸುತ್ತಾರೆ. ಸಂತೋಷ. ಮಾಡಿ ತೋರಿಸಿ ಅಂದರೆ ಬೆರಳು ಮುದುಡಿಕೊಂಡು ನೆಲ ಕೆರೆಯುತ್ತಾರೆ.

ಅದಲ್ಲ ರೀ!

ಬೆರಳನ್ನು ಜೋರಾಗಿ ಮುದುಡುವ ದೊಡ್ಡ ಸ್ನಾಯುಗಳು ಪಾದದಲ್ಲಿ ಇಲ್ಲವೇ ಇಲ್ಲ. ಅವು ಮೀನಖಂಡದ ಒಳಗಿವೆ. ಅಲ್ಲಿಂದ ಉದ್ದನೆಯ ಟೆಂಡನ್‌ಗಳು ಕೆಳಗಿಳಿದು ಬೆರಳ ತುದಿಗೆ ಅಂಟಿಕೊಂಡಿವೆ, ಸೂತ್ರದ ಗೊಂಬೆಯ ದಾರದ ಹಾಗೆ. ನಾನು ಹೇಳುವ ಸಣ್ಣ ಸ್ನಾಯುಗಳು ಬೇರೆ. ಅಂಗಾಲಲ್ಲಿ ನಾಲ್ಕು ಪದರವಾಗಿ ಕೂತಿರುವ ಇವು ಪಾದದಲ್ಲೇ ಹುಟ್ಟಿ ಪಾದದಲ್ಲೇ ಮುಗಿಯುತ್ತವೆ. ಬೆರಳು ಮಡಚೋದಕ್ಕೆ ಇವೂ ಸ್ವಲ್ಪ ಕೈಜೋಡಿಸುತ್ತವೆ, ನಿಜ. ಆದರೆ ನೀವು ಹಟ ಹಿಡಿದು ಮುದುಡಿದರೆ ಮೇಲಿನ ದೊಡ್ಡವರೇ ಕೆಲಸ ಕಸಿದುಕೊಳ್ಳುತ್ತಾರೆ.

ನಿವೃತ್ತ ಮಾಸ್ತರೊಬ್ಬರು ಬಂದಿದ್ದರು. ಬಹಳ ಶಿಸ್ತಿನ ಮನುಷ್ಯ, ಮನೆಯವರು ಬೈದರೂ ಬಿಡದೆ ಎರಡೂ ಹೊತ್ತು ಮಾಡುತ್ತಿದ್ದರಂತೆ. "ಬರೋಬ್ಬರಿ ಮಾಡಾಕತ್ತೇನ್ರಿ ಡಾಕ್ಟ್ರ, ಆದ್ರ ಮೀನಖಂಡ ಹಿಡ್ಕೊಂಡಾವ." ಮಾಸ್ತರ, ಅಲ್ಲೇ ಗೊತ್ತಾಯ್ತಲ್ಲ, ಕೆಲಸ ಯಾರು ಮಾಡ್ತಿದ್ದಾರೆ ಅಂತ!

ನಡೆಯುವಾಗ ಹಿಮ್ಮಡಿ ಎದ್ದ ಮೇಲೆ ಮೈಭಾರವೆಲ್ಲ ಪಾದದ ಮುಂಭಾಗಕ್ಕೆ ಬರುತ್ತದೆ. ಆಗ ಬೆರಳ ಬುಡವನ್ನು ಗಟ್ಟಿಯಾಗಿ ಹಿಡಿದು ನೆಲವನ್ನು ಹಿಂದಕ್ಕೆ ಒತ್ತಲು ಈ ಸಣ್ಣವು ಬೇಕು. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನರಕ್ಕೆ ಮರಗಟ್ಟುವ ಮದ್ದು ಕೊಟ್ಟು ಇವನ್ನು ಸುಮ್ಮನಾಗಿಸಿ ನಡೆಸಿದರು. ಅಂಗಾಲಿನ ಕಮಾನು ಕುಸಿಯಲಿಲ್ಲ, ಆದರೆ ನೆಲ ಒದ್ದು ಮುಂದೆ ಹೋಗುವ ಶಕ್ತಿ ತಗ್ಗಿತು. ಹಾಗಾಗಿ ಚಪ್ಪಟೆ ಪಾದಕ್ಕೆ ಈ ವ್ಯಾಯಾಮದಿಂದ ಕಮಾನು ಬಂದುಬಿಡುತ್ತೆ ಅಂತ ನಾನಂತೂ ಯಾರಿಗೂ ಹೇಳಲ್ಲ.

ಸರಿಯಾದ ರೀತಿ ಹೀಗೆ. ಕುರ್ಚಿಯಲ್ಲಿ ಕೂತು ಪಾದ ನೆಲಕ್ಕೂರಿ. ಬೆರಳು ಉದ್ದಕ್ಕೆ, ಸಡಿಲವಾಗಿ ಇರಲಿ. ಹೆಬ್ಬೆರಳ ಬುಡವನ್ನು ನೆಲದಿಂದ ಎತ್ತದೆ ಹಿಮ್ಮಡಿ ಕಡೆಗೆ ಎಳೆದುಕೊಳ್ಳಿ, ಪಾದ ಒಂದು ಚೂರು ಗಿಡ್ಡ ಆಗಬೇಕು, ಅಷ್ಟೇ. ಐದು ಸೆಕೆಂಡ್ ಹಿಡಿದು ಬಿಡಿ. ಪಾದದ ಒಳಅಂಚಿಗೆ ಬೆರಳಿಟ್ಟು ನೋಡಿದರೆ ಏನೋ ಗಟ್ಟಿ ಸಿಗುತ್ತೆ. ಮೊದಮೊದಲು ಏನೂ ಆಗಲ್ಲ, ಬೇಜಾರಾಗಬೇಡಿ. ಅಂಗಾಲು ಸ್ವಲ್ಪ ಹಿಡಿದುಕೊಂಡರೂ ಹೆದರಬೇಡಿ.

ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮಾತ್ರ ಮೊದಲು ವೈದ್ಯರಿಗೆ ತೋರಿಸಿ. ನರ ಹಾಳಾದರೆ ಇದೇ ಸ್ನಾಯುಗಳು ಸೊರಗಿ, ಬೆರಳು ಕೊಕ್ಕೆಯಂತಾಗಿ, ಬೆರಳ ಬುಡದಡಿ ಭಾರ ಬಿದ್ದು ಹುಣ್ಣಾಗುತ್ತದೆ. ನನ್ನ ಅಂಕಣ ಓದಿ ದಯವಿಟ್ಟು ಬರಿಗಾಲಲ್ಲಿ ಪಾರ್ಕಿಗೆ ಹೋಗಬೇಡಿ. ಶೂ ಒಳಗಿನ ಇನ್‌ಸೋಲ್ ಕೂಡ ಈಗಲೇ ಎಸೆಯಬೇಡಿ.

ನಿಂತು ಮಾಡೋದು ಯಾವಾಗ ಅಂತ ಎಲ್ಲರೂ ಕೇಳ್ತಾರೆ. ಕೂತು ಮಾಡುವಾಗ ಬೆರಳಿನ ಉಗುರು ನೋಡಿಕೊಳ್ಳಿ. ಬೆಳ್ಳಗಾಗುತ್ತಿದ್ದರೆ ನೀವಿನ್ನೂ ನೆಲ ಒತ್ತಿ ಹಿಡಿಯುತ್ತಿದ್ದೀರಿ. ಅದು ನಿಂತ ಮೇಲೆ ಎದ್ದು ನಿಲ್ಲಿ.