ಪದ ಪರಿಚಯ: ಸಪ್ರಮಾಣತೆ ಮತ್ತು ವಿಶ್ವಸನೀಯತೆ

ಕಾಲೇಜು ಪರೀಕ್ಷೆಗಳ ಗುಣಮಟ್ಟದ ಚರ್ಚೆಯಲ್ಲಿ ‘ವ್ಯಾಲಿಡಿಟಿ’ ಮತ್ತು ‘ರಿಲಯಬಿಲಿಟಿ’ ಎಂಬ ಪದಗಳು ಜೋಡಿಯಾಗಿಯೇ ಬರುತ್ತವೆ. ಎರಡನೆಯದನ್ನು ಕನ್ನಡದಲ್ಲಿ ವಿಶ್ವಸನೀಯತೆ ಎನ್ನುತ್ತೇವೆ. ಮೊದಲನೆಯದಕ್ಕೆ ಸಿಂಧುತ್ವ, ಸಪ್ರಮಾಣತೆ ಎಂಬ ಎರಡು ಪದಗಳು ಬಳಕೆಯಲ್ಲಿವೆ. ಸಿಂಧು ಎಂಬುದು ಕಾನೂನಿನ, ಚುನಾವಣೆಯ ಮಾತು. ಒಂದು ಮತ ಸಿಂಧುವಾಗಿರುತ್ತದೆ ಇಲ್ಲವೇ ಅಸಿಂಧುವಾಗಿರುತ್ತದೆ. ಪರೀಕ್ಷೆಯ ಈ ಗುಣವಾದರೋ ಹೆಚ್ಚು ಕಡಿಮೆಯಾಗುವಂಥದು. ‘ಪ್ರಮಾಣ’ದಲ್ಲಿ ಅಳತೆ, ಆಧಾರ ಎಂಬ ಎರಡೂ ಅರ್ಥಗಳು ಕೂಡಿಕೊಂಡಿರುವುದರಿಂದ ನನಗೆ ಸಪ್ರಮಾಣತೆಯೇ ಹೆಚ್ಚು ಒಪ್ಪುವ ಪದ.

ಅಂಕಪಟ್ಟಿ ನೋಡಿ ವಿದ್ಯಾರ್ಥಿಯ ಬಗ್ಗೆ ನಾವು ಯಾವ ತೀರ್ಮಾನಕ್ಕೆ ಬರುತ್ತೇವೆಯೋ ಆ ತೀರ್ಮಾನಕ್ಕೆ ಎಷ್ಟು ಆಧಾರವಿದೆ ಎಂಬುದೇ ಸಪ್ರಮಾಣತೆ. ಬಿ.ಎ. ಅರ್ಥಶಾಸ್ತ್ರದ ಒಂದು ಪತ್ರಿಕೆಯನ್ನು ತೆಗೆದುಕೊಳ್ಳೋಣ. ಬೆಲೆಯ ಏರಿಳಿತಗಳನ್ನು ಬೇಡಿಕೆಯ ಸ್ಥಿತಿಸ್ಥಾಪಕತ್ವದ (ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆಯ) ಮೂಲಕ ವಿಶ್ಲೇಷಿಸಲು ವಿದ್ಯಾರ್ಥಿ ಕಲಿಯಬೇಕು ಎಂದು ಪಠ್ಯಕ್ರಮ ಹೇಳುತ್ತದೆ ಎಂದಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ‘ಬೇಡಿಕೆಯ ಸ್ಥಿತಿಸ್ಥಾಪಕತ್ವದ ವಿಧಗಳನ್ನು ವಿವರಿಸಿ’ ಎಂದು ಕೇಳಿದರೆ ನೋಟ್ಸನ್ನು ಬಾಯಿಪಾಠ ಮಾಡಿದವರೆಲ್ಲ ಉತ್ತರಿಸುತ್ತಾರೆ. ಅದರ ಬದಲು ಹೀಗೆ ಕೇಳಬಹುದು: ಈರುಳ್ಳಿಯ ಬೆಲೆ ಕಿಲೋಗೆ 40 ರೂಪಾಯಿಯಿಂದ 50ಕ್ಕೆ ಏರಿದಾಗ ಅಂಗಡಿಯೊಂದರ ದಿನದ ಮಾರಾಟ 100 ಕಿಲೋದಿಂದ 90ಕ್ಕೆ ಇಳಿಯಿತು, ದಿನದ ವಹಿವಾಟು ಏರಿತೋ ಇಳಿಯಿತೋ, ಕಾರಣವೇನು? ಬೆಲೆ ಶೇ. 25ರಷ್ಟು ಏರಿದರೂ ಬೇಡಿಕೆ ಇಳಿದದ್ದು ಶೇ. 10 ಮಾತ್ರ, ಆದ್ದರಿಂದ ಸ್ಥಿತಿಸ್ಥಾಪಕತ್ವ 0.4 (10ನ್ನು 25ರಿಂದ ಭಾಗಿಸಿದಾಗ), ಅಂದರೆ ಒಂದಕ್ಕಿಂತ ಕಡಿಮೆ, ಹಾಗಾಗಿಯೇ ವಹಿವಾಟು 4,000ದಿಂದ 4,500ಕ್ಕೆ ಏರಿತು ಎಂದು ಬರೆದ ವಿದ್ಯಾರ್ಥಿಗೆ ವಿಷಯ ಗೊತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಮೊದಲ ಪ್ರಶ್ನೆಗೆ ಪೂರ್ಣ ಅಂಕ ಪಡೆದವರ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ಪ್ರಶ್ನೆಯ ಭಾಷೆಯೂ ಸಪ್ರಮಾಣತೆಯ ವಿಷಯವೇ. ಇಂಗ್ಲಿಷಿನಲ್ಲಿ ಸಿದ್ಧವಾದ ಪ್ರಶ್ನೆಯನ್ನು ಅವಸರದಲ್ಲಿ ಕನ್ನಡಕ್ಕೆ ತಂದಾಗ, ತರಗತಿಯಲ್ಲಿ ಒಮ್ಮೆಯೂ ಕೇಳದ ಪಾರಿಭಾಷಿಕ ಪದವೊಂದು ನುಸುಳಿದರೆ, ಆ ಪ್ರಶ್ನೆ ಅಳೆಯುವುದು ಅರ್ಥಶಾಸ್ತ್ರದ ಜ್ಞಾನವನ್ನಲ್ಲ, ಅನುವಾದದ ಒಗಟನ್ನು ಬಿಡಿಸುವ ಶಕ್ತಿಯನ್ನು. ಕನ್ನಡ ಮಾಧ್ಯಮದ ಮಕ್ಕಳಿಗೆ ಇದರಿಂದ ಆಗುವ ಅನ್ಯಾಯ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಯಾವ ಘಟಕಕ್ಕೆ ಎಷ್ಟು ಅಂಕ, ಸ್ಮರಣೆಗೆ ಎಷ್ಟು, ಅನ್ವಯಕ್ಕೆ ಎಷ್ಟು ಎಂಬ ನೀಲನಕ್ಷೆಯನ್ನು ಮೊದಲು ಹಾಕಿಕೊಳ್ಳುವುದು, ಪ್ರಶ್ನೆಗಳು ಸಿದ್ಧವಾದ ಮೇಲೆ ಕನ್ನಡದಲ್ಲಿ ಪಾಠ ಮಾಡುವ ಸಹೋದ್ಯೋಗಿಯೊಬ್ಬರು ಅವನ್ನು ಓದಿ ನೋಡುವುದು, ಇವೆರಡೂ ತಪ್ಪದೆ ಆಗಬೇಕಾದ ಕೆಲಸಗಳು.

ವಿಶ್ವಸನೀಯತೆಯ ಪ್ರಶ್ನೆ ಬೇರೆ. ಅದೇ ಉತ್ತರಪತ್ರಿಕೆ ಇನ್ನೊಬ್ಬರ ಕೈಗೆ ಹೋದರೆ, ಅಥವಾ ಅದೇ ಮೌಲ್ಯಮಾಪಕರು ಅದನ್ನು ಒಂದು ವಾರದ ಬಳಿಕ ನೋಡಿದರೆ, ಅಷ್ಟೇ ಅಂಕ ಬರುತ್ತದೆಯೇ? ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಸಂಶೋಧಕರು 1912ರಲ್ಲಿ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಅವರು ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ಅನೇಕ ಹೈಸ್ಕೂಲು ಶಿಕ್ಷಕರಿಗೆ ಕಳುಹಿಸಿದಾಗ ನೂರಕ್ಕೆ 64ರಿಂದ 98ರವರೆಗೆ ಅಂಕಗಳು ಬಂದವು. ಭಾಷಾ ವಿಷಯವಾದ್ದರಿಂದ ಹೀಗಾಯಿತು ಎಂದವರಿಗೆ ಮರುವರ್ಷದ ಜ್ಯಾಮಿತಿ ಪತ್ರಿಕೆ ಉತ್ತರ ಕೊಟ್ಟಿತು: ಅಲ್ಲಿ ಅಂತರ ಇನ್ನೂ ದೊಡ್ಡದಾಗಿ, 28ರಿಂದ 90ರ ಆಚೆಗೂ ಹರಡಿತ್ತು. ಹಂತಗಳಿಗೆ ಅಂಕ ಕೊಡಬೇಕೇ, ಅಂದವಾಗಿ ಬರೆಯದಿದ್ದರೆ ಕಳೆಯಬೇಕೇ ಎಂಬುದನ್ನು ಪ್ರತಿಯೊಬ್ಬರೂ ತಮಗೆ ತೋಚಿದಂತೆ ನಿರ್ಧರಿಸಿದರೆ ಅಂತರ ಬರದೆ ಇರುವುದಿಲ್ಲ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆಂದೇ ‘ಸ್ಕೀಮ್’ (ಉತ್ತರದ ಯಾವ ಭಾಗಕ್ಕೆ ಎಷ್ಟು ಅಂಕ ಎಂಬ ಸೂಚನೆ) ಇದೆ, ಉತ್ತರಪತ್ರಿಕೆಗಳಿಗೆ ಕೋಡಿಂಗ್ (ವಿದ್ಯಾರ್ಥಿಯ ಗುರುತು ಮರೆಮಾಡುವ ಗುಪ್ತಸಂಖ್ಯೆ) ಇದೆ, ಸ್ನಾತಕೋತ್ತರ ಪರೀಕ್ಷೆಗಳಲ್ಲಿ ಹಲವೆಡೆ ಇಬ್ಬರಿಂದ ಮೌಲ್ಯಮಾಪನ ಮಾಡಿಸಿ, ಅಂತರ ಮಿತಿ ಮೀರಿದರೆ ಮೂರನೆಯವರಿಗೆ ಕೊಡುವ ಪದ್ಧತಿಯೂ ಇದೆ. ಇಂಟರ್ನಲ್ಸ್ (ಕಾಲೇಜಿನೊಳಗೇ ನಡೆಯುವ ಆಂತರಿಕ ಮೌಲ್ಯಮಾಪನದ) ಅಂಕಗಳಿಗೆ ಮಾತ್ರ ಇಷ್ಟು ಕಾವಲು ಇರುವುದಿಲ್ಲ. ಅಲ್ಲಿ ಒಬ್ಬರೇ ಅಧ್ಯಾಪಕರು ಮಾಡಬಹುದಾದ ಸರಳ ಕೆಲಸವೆಂದರೆ ಒಂದೊಂದೇ ಪತ್ರಿಕೆಯನ್ನು ಕೊನೆಯವರೆಗೆ ನೋಡುವ ಬದಲು, ಹೆಸರಿರುವ ಪುಟವನ್ನು ಮಡಚಿಟ್ಟು, ಎಲ್ಲರ ಮೊದಲನೆಯ ಪ್ರಶ್ನೆಯನ್ನು ನೋಡಿ ಮುಗಿಸಿ, ಆಮೇಲೆ ಎಲ್ಲರ ಎರಡನೆಯದಕ್ಕೆ ಹೋಗುವುದು. ಪ್ರಶ್ನೆಗಳ ಸಂಖ್ಯೆಯೂ ಮುಖ್ಯ. 1910ರಲ್ಲಿ ರೂಪುಗೊಂಡ ಸ್ಪಿಯರ್‌ಮನ್-ಬ್ರೌನ್ ಸೂತ್ರದ ಪ್ರಕಾರ, ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ 0.5 ವಿಶ್ವಸನೀಯತೆಯ ಕಿರುಪರೀಕ್ಷೆಗೆ ಅದೇ ಗುಣದ ಅಷ್ಟೇ ಪ್ರಶ್ನೆಗಳನ್ನು ಸೇರಿಸಿದರೆ ಅದು ಸುಮಾರು 0.67ಕ್ಕೆ ಏರುತ್ತದೆ.

ಈ ಎರಡು ಗುಣಗಳ ನಡುವೆ ಒಂದು ಎಳೆದಾಟವಿದೆ, ಅದನ್ನೇ ನಾನು ಹೆಚ್ಚು ಗಂಭೀರವಾಗಿ ಕಾಣುತ್ತೇನೆ. ಅಂಕಗಳು ಮನಸ್ಸಿಗೆ ಬಂದಂತೆ ಬಿದ್ದರೆ ಅವುಗಳಿಂದ ಯಾವ ತೀರ್ಮಾನವೂ ಹೊರಡದು, ಆದ್ದರಿಂದ ವಿಶ್ವಸನೀಯತೆ ಇಲ್ಲದೆ ಸಪ್ರಮಾಣತೆ ಇಲ್ಲ. ಆದರೆ ‘ವಿಧಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಹತ್ತು ಮೌಲ್ಯಮಾಪಕರೂ ಸುಲಭವಾಗಿ ಒಂದೇ ಅಂಕ ಕೊಡುತ್ತಾರೆ. ಈರುಳ್ಳಿಯ ಪ್ರಶ್ನೆಯಲ್ಲಿ ಕಾರಣ ಹೇಳುವ ಭಾಗಕ್ಕೆ ಬಂದಾಗ ಅಭಿಪ್ರಾಯಗಳು ಬೇರೆಯಾಗುತ್ತವೆ. ಮರುಮೌಲ್ಯಮಾಪನದ ಅರ್ಜಿಗಳಿಗೆ ಅಂಜಿ ಮೊದಲ ಬಗೆಯ ಪ್ರಶ್ನೆಗಳನ್ನೇ ವರ್ಷವರ್ಷವೂ ಕೇಳುತ್ತ ಹೋದರೆ ಅಂಕಗಳು ಸ್ಥಿರವಾಗಿರುತ್ತವೆ, ಪದವಿ ಪಡೆದವರಿಗೆ ಬೆಲೆಪಟ್ಟಿಯೊಂದನ್ನು ಓದಲು ಬಾರದಿರಬಹುದು. ಕಷ್ಟವಾದರೂ ಎರಡನೆಯ ಬಗೆಯ ಪ್ರಶ್ನೆಯನ್ನೇ ಉಳಿಸಿಕೊಂಡು ಅದರ ಸ್ಕೀಮನ್ನು ಬಿಡಿಸಿ ಬರೆಯಬೇಕು: ಶೇಕಡಾವಾರು ಲೆಕ್ಕಕ್ಕೆ 2, ಸ್ಥಿತಿಸ್ಥಾಪಕತ್ವಕ್ಕೆ 1, ವಹಿವಾಟಿಗೆ 1, ಎರಡರ ಸಂಬಂಧವನ್ನು ಸ್ವಂತ ಮಾತಿನಲ್ಲಿ ಹೇಳಿದ್ದಕ್ಕೆ 2.